ಕಾಲಿನ ಜೇಡಬಲೆ ನಾಳಗಳು ಹೆಂಗಸರಲ್ಲೇ ಯಾಕೆ ಜಾಸ್ತಿ: ಒಂದು ಅಧ್ಯಯನ ಟಿಪ್ಪಣಿ

ಕಳೆದ ವಾರ ನಮ್ಮ ಓದುವ ಗುಂಪಿನಲ್ಲಿ ಈ ಪ್ರಶ್ನೆ ಬಂತು. ಉತ್ತರ ಎಲ್ಲರ ಬಾಯಲ್ಲೂ ರೆಡಿ ಇತ್ತು: "ಹಾರ್ಮೋನು, ಬಸಿರು, ನಿಂತು ಮಾಡುವ ಕೆಲಸ." ಮೂರು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಕೇಳಿದವಳು ಬಿಡಲಿಲ್ಲ. "ನಿಂತು ಕೆಲಸ ಗಂಡಸರೂ ಮಾಡ್ತಾರಲ್ವಾ? ಮಕ್ಕಳೇ ಆಗದ ನಮ್ಮ ಚಿಕ್ಕಮ್ಮನಿಗೂ ಇದೆಯಲ್ಲ, ಅದು ಹೇಗೆ?" ಅಂದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿ ಬರೆದುಕೊಂಡದ್ದು ಇದು. ಇದೇ ಪಾಠ ಓದುತ್ತಿರುವವರಿಗೆ ಉಪಯೋಗ ಆದೀತು.

ಯಾವ "ನರ"ದ ಮಾತು ಇದು?

ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ನರ ಅಂತಲೇ ಹೇಳುತ್ತೇವೆ. ಕೈ ಜೋಮು ಹಿಡಿದರೂ ನರ, ಗ್ಲೂಕೋಸ್ ಹಾಕುವುದೂ ನರಕ್ಕೆ, ಕಾಲಲ್ಲಿ ನೀಲಿ ಗೆರೆ ಎದ್ದರೂ ನರ. ಪಾಠದಲ್ಲಿ ಮಾತ್ರ ನರ ಅಂದರೆ ಮೆದುಳಿನ ಸಂದೇಶ ಸಾಗಿಸುವ ತಂತು. ಕಾಲಲ್ಲಿ ಕಾಣುವುದು ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ. ಉತ್ತರ ಪತ್ರಿಕೆಯಲ್ಲಿ ನರ ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ. ನಾನು ಒಮ್ಮೆ ಕಳೆದುಕೊಂಡಿದ್ದೇನೆ! ಇಲ್ಲಿ ಸುಲಭಕ್ಕೆ "ನಾಳ" ಅಂತ ಬರೆಯುತ್ತೇನೆ.

ಈ ನಾಳಗಳಲ್ಲೂ ಮೂರು ಅಳತೆ ಇವೆ, ಇದನ್ನು ಬಿಟ್ಟರೆ ಮುಂದಿನದೆಲ್ಲ ಗೋಜಲು. ಚರ್ಮದ ಒಳಗೇ ಇರುವ, 1 ಮಿಲಿಮೀಟರಿಗಿಂತ ಸಣ್ಣ ನಾಳ ಹಿಗ್ಗಿ ಕೆಂಪಗೋ ನೇರಳೆಯಾಗಿಯೋ ಕಂಡರೆ ಅದು ಸ್ಪೈಡರ್ ವೇನ್. ಜೇಡರ ಬಲೆಯ ಹಾಗೆ, ಇಲ್ಲವೇ ಒಣಗಿದ ಮರದ ಕೊಂಬೆಯ ಹಾಗೆ ಕವಲೊಡೆದಿರುತ್ತದೆ. ಕೈಯಾಡಿಸಿದರೆ ಉಬ್ಬು ಸಿಗುವುದಿಲ್ಲ. ಪುಸ್ತಕದ ಹೆಸರು ಟೆಲಾಂಜಿಯೆಕ್ಟೇಸಿಯ. ಅದಕ್ಕಿಂತ ಸ್ವಲ್ಪ ಆಳದಲ್ಲಿ, 1ರಿಂದ 3 ಮಿಲಿಮೀಟರಿನ ನೀಲಿ–ಹಸಿರು ಗೆರೆಗಳು ರೆಟಿಕ್ಯುಲರ್ ವೇನ್. ನಿಂತಾಗ ಅಳೆದರೆ 3 ಮಿಲಿಮೀಟರ್ ಅಥವಾ ಜಾಸ್ತಿ ಇದ್ದು, ಹಗ್ಗದ ಹಾಗೆ ಉಬ್ಬಿ ಸುರುಳಿ ಸುತ್ತಿದ್ದರೆ ವೆರಿಕೋಸ್ ವೇನ್.

1994ರಲ್ಲಿ ಹವಾಯಿಯಲ್ಲಿ ಸೇರಿದ ತಜ್ಞರು ಮಾಡಿದ ಸೀಪ್ ಎಂಬ ವರ್ಗೀಕರಣದಲ್ಲಿ ಸ್ಪೈಡರ್ ಮತ್ತು ರೆಟಿಕ್ಯುಲರ್ ಎರಡೂ ಸಿ1. ವೆರಿಕೋಸ್ ಸಿ2. ಆಮೇಲೆ ಊತ, ಚರ್ಮದ ಬಣ್ಣ ಬದಲಾವಣೆ, ವಾಸಿಯಾದ ಹುಣ್ಣು ಅಂತ ಹೋಗಿ ವಾಸಿಯಾಗದ ಹುಣ್ಣಿಗೆ ಸಿ6. ಆದರೆ ಸಿ1 ಇದ್ದವರೆಲ್ಲ ಮೆಟ್ಟಿಲು ಹತ್ತಿದ ಹಾಗೆ ಸಿ6ಕ್ಕೆ ಹೋಗುತ್ತಾರೆ ಅಂತ ಓದಿಕೊಳ್ಳಬೇಡಿ. ಬಹಳಷ್ಟು ಜನರಿಗೆ ಅದು ಕೊನೆಯವರೆಗೂ ಸಿ1 ಆಗಿಯೇ ಇರುತ್ತದೆ.

ಬಾವಿಯ ಫುಟ್‌ವಾಲ್ವ್

ಬಾವಿಗೆ ಇಳಿಬಿಟ್ಟ ಪಂಪಿನ ಪೈಪ್ ನೋಡಿದ್ದೀರಲ್ಲ. ತುದಿಗೆ ಫುಟ್‌ವಾಲ್ವ್ ಇರುತ್ತದೆ. ನೀರು ಮೇಲೆ ಬರಬಹುದು, ವಾಪಸ್ ಇಳಿಯುವ ಹಾಗಿಲ್ಲ. ಆ ವಾಲ್ವ್ ಕೆಟ್ಟರೆ ಮೋಟಾರ್ ನಿಲ್ಲಿಸಿದ ಕೂಡಲೇ ಪೈಪಿನ ನೀರೆಲ್ಲ ಬಾವಿಗೆ. ಕಾಲಿನ ಏರ್ಪಾಡೂ ಹೀಗೇ. ಒಂದೇ ವ್ಯತ್ಯಾಸ, ವಾಲ್ವ್ ತುದಿಯಲ್ಲಿ ಒಂದಲ್ಲ, ದಾರಿಯುದ್ದಕ್ಕೂ ಇವೆ. ಇಟಲಿಯ ಪಾದುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳನ್ನು ಚಿತ್ರ ಸಮೇತ ವರ್ಣಿಸಿದ. ಅವು ಇರುವುದು ಯಾಕೆ ಅಂತ ಸರಿಯಾಗಿ ಹೇಳಿದ್ದು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ. ತೋಳಿಗೆ ಪಟ್ಟಿ ಕಟ್ಟಿ, ಮುಂಗೈಯಲ್ಲಿ ಎದ್ದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತ ಒಂದೇ ದಿಕ್ಕಿಗೆ ಹೋಗುತ್ತದೆ ಅಂತ ತೋರಿಸಿದ. ಈಗಲೇ ನಿಮ್ಮ ಕೈ ಮೇಲೆ ಮಾಡಿ ನೋಡಬಹುದು.

ಹಾಗಾದರೆ ಪಂಪ್ ಯಾವುದು? ಮೀನಖಂಡ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಆಳದ ನಾಳವನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸುಮ್ನೆ ನಿಂತಾಗ ಪಾದದ ನಾಳದಲ್ಲಿ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 90 ಮಿಲಿಮೀಟರ್. ಹತ್ತು ಹೆಜ್ಜೆ ನಡೆದರೆ ಅದು 30ಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ಕಾಲಿಗೆ ಕಷ್ಟ ಕೊಡುವುದು ನಡಿಗೆಯಲ್ಲ, ಕದಲದೆ ನಿಲ್ಲುವುದು.

ಇಲ್ಲಿ ಒಂದು ಕೊಕ್ಕೆ ಇದೆ. ಎಲ್ಲ ಭೂಮಿಯ ಸೆಳೆತದ ಆಟವೇ ಆಗಿದ್ದರೆ ಎತ್ತರದವರಿಗೆ ಜಾಸ್ತಿ ಬರಬೇಕು. ಹೃದಯದಿಂದ ಪಾದದವರೆಗೆ ರಕ್ತದ ಕಂಬ ಅವರಲ್ಲಿ ಉದ್ದ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿ ಸಂಗ್ರಹದ ಸುಮಾರು 5 ಲಕ್ಷ ಜನರ ವಿವರ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೂ ಎತ್ತರ ಹೆಚ್ಚಿದಷ್ಟೂ ವೆರಿಕೋಸ್ ಸಾಧ್ಯತೆ ಹೆಚ್ಚು ಅಂತ ಕಂಡುಕೊಂಡಿತು. ಸರಾಸರಿಯಲ್ಲಿ ಗಂಡಸರೇ ಎತ್ತರ. ಹಾಗಿದ್ದೂ ಹೆಂಗಸರಿಗೆ ಜಾಸ್ತಿ ಅಂದರೆ ಬೇರೆ ಏನೋ ಇದೆ.

ಬಾಗಿಲು ಸರಿ ಇದೆ, ಚೌಕಟ್ಟು ಅಗಲವಾಗಿದೆ

ಆ "ಬೇರೆ ಏನೋ" ನಾಳದ ಗೋಡೆಯಲ್ಲಿದೆ. ಗೋಡೆಯಲ್ಲಿ ನಯವಾದ ಸ್ನಾಯುವಿನ ಪದರ ಇರುತ್ತದೆ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಬಂದು ಕೂರುವ ಗ್ರಾಹಕಗಳು ಈ ಗೋಡೆಯಲ್ಲೂ ಇವೆ. ಈಸ್ಟ್ರೋಜೆನ್ ನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಹೆಚ್ಚಿಸುತ್ತದೆ, ನಾಳ ಹಿಗ್ಗುತ್ತದೆ. ಪ್ರೊಜೆಸ್ಟರಾನ್ ನಯವಾದ ಸ್ನಾಯುವನ್ನು ಸಡಿಲ ಮಾಡುತ್ತದೆ. ಬಸಿರಿಯರಿಗೆ ಮಲಬದ್ಧತೆ, ಎದೆಯುರಿ ಬರುವುದೂ ಇದೇ ಸಡಿಲಿಕೆಯಿಂದ: ಕರುಳಿನ ಸ್ನಾಯು ನಿಧಾನ ಆಗುತ್ತದೆ, ಅನ್ನನಾಳದ ಕೆಳಗಿನ ಬಿಗಿ ಸಡಿಲ ಆಗುತ್ತದೆ. ಕಾಲಿನ ನಾಳಕ್ಕೆ ಮಾತ್ರ ಬೇರೆ ನ್ಯಾಯ ಇರುತ್ತದಾ?

ಗೋಡೆ ಸಡಿಲ ಆದರೆ ಕವಾಟ ಯಾಕೆ ಸೋರುತ್ತದೆ? ಎರಡು ಎಲೆ ಬಂದು ಸೇರಿ ಮುಚ್ಚುವ ಬಾಗಿಲು ಅದು. ಎಲೆಗಳು ಚೆನ್ನಾಗಿಯೇ ಇರಬಹುದು, ಆದರೆ ಚೌಕಟ್ಟು ಅಗಲ ಆದರೆ ನಡುವೆ ಸಂದು ಉಳಿಯುತ್ತದೆ. ಆ ಸಂದಿನಿಂದ ರಕ್ತ ಹಿಂದಕ್ಕೆ ಇಳಿಯುತ್ತದೆ, ಕೆಳಗಿನ ನಾಳದಲ್ಲಿ ಒತ್ತಡ ಏರುತ್ತದೆ, ಅದೂ ಹಿಗ್ಗುತ್ತದೆ. ಚರ್ಮದ ಸಣ್ಣ ನಾಳಗಳು ಈ ಸಾಲಿನ ಕೊನೆಯವು. ದೊಡ್ಡ ನಾಳದಲ್ಲಿ ಏನೂ ತೊಂದರೆ ಇಲ್ಲದೆ ಬರೀ ಚರ್ಮದ ನಾಳವೇ ಹಿಗ್ಗುವುದೂ ಬಹಳ ಉಂಟು.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆರಿಗೆ ಆಗದಿದ್ದರೂ ಮುಟ್ಟು ಶುರುವಾದ ದಿನದಿಂದ ನಿಲ್ಲುವವರೆಗೆ ಈ ಎರಡು ಹಾರ್ಮೋನುಗಳ ಏರಿಳಿತ ತಿಂಗಳು ತಿಂಗಳೂ ನಡೆದೇ ಇರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಕಾಲು ಭಾರ ಅನ್ನುವವರು ಎಷ್ಟೋ ಜನ ಇದ್ದಾರೆ.

ಈಸ್ಟ್ರೋಜೆನ್ ಮೇಲೆ ಅನುಮಾನ ಬರಲು ಇನ್ನೊಂದು ಸಾಕ್ಷಿ ಇದೆ, ಅದು ಸಿಗುವುದು ಗಂಡಸರಲ್ಲಿ! ಲಿವರ್ ಸಿರೋಸಿಸ್ ಆದ ಗಂಡಸರ ಎದೆ, ಕತ್ತಿನ ಮೇಲೆ ಸ್ಪೈಡರ್ ನೀವಸ್ ಅನ್ನುವ ಕೆಂಪು ಚುಕ್ಕೆಗಳು ಏಳುತ್ತವೆ. ಕೆಟ್ಟ ಲಿವರ್ ಈಸ್ಟ್ರೋಜೆನ್ನನ್ನು ಸರಿಯಾಗಿ ವಿಲೇವಾರಿ ಮಾಡುವುದಿಲ್ಲ, ಅದು ರಕ್ತದಲ್ಲಿ ಉಳಿದುಬಿಡುತ್ತದೆ. ಬಸಿರಿಯರಲ್ಲೂ ಇದೇ ಚುಕ್ಕೆಗಳು ಕಾಣಿಸಿಕೊಂಡು, ಹೆರಿಗೆಯ ನಂತರ ಹೆಚ್ಚಿನವು ಮಾಯ ಆಗುತ್ತವೆ. ಹುಷಾರು, ಪರೀಕ್ಷೆಯಲ್ಲಿ ಎಡವುವ ಜಾಗ ಇದು: ಸ್ಪೈಡರ್ ನೀವಸ್ ಬೇರೆ, ಕಾಲಿನ ಸ್ಪೈಡರ್ ವೇನ್ ಬೇರೆ. ನೀವಸ್‌ನ ನಡುವೆ ಒಂದು ಸಣ್ಣ ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಇರುತ್ತದೆ. ನಡುವಿನ ಚುಕ್ಕೆಯನ್ನು ಒತ್ತಿದರೆ ಇಡೀ ಜೇಡ ಬಿಳಿಚಿಕೊಳ್ಳುತ್ತದೆ, ಬಿಟ್ಟರೆ ನಡುವಿನಿಂದ ಹೊರಕ್ಕೆ ಕೆಂಪು ಹರಡುತ್ತದೆ. ಕಾಲಿನದಕ್ಕೆ ಹೀಗೆ ನಡು ಅಂತ ಇರುವುದಿಲ್ಲ. ಹೆಸರಲ್ಲಿ ಮಾತ್ರ ಎರಡೂ ಜೇಡ.

ಗರ್ಭನಿರೋಧಕ ಮಾತ್ರೆಯಿಂದ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅಧ್ಯಯನಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. ಈಸ್ಟ್ರೋಜೆನ್ ಇರುವ ಮಾತ್ರೆಯಿಂದ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಗಟ್ಟಿಯಾದ ಮಾತು, ಆದರೆ ಅದು ಬೇರೆ ಪಾಠ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ.

ಬಸಿರಿನ ಒಂಬತ್ತು ತಿಂಗಳು

ಇಲ್ಲಿ ಎಲ್ಲ ಒಟ್ಟಿಗೇ ಬಂದು ಬೀಳುತ್ತದೆ. ಹಾರ್ಮೋನು ಏರುತ್ತದೆ. ಮೈಯಲ್ಲಿ ಹರಿಯುವ ರಕ್ತವೇ ನೂರಕ್ಕೆ 40ರಿಂದ 50ರಷ್ಟು ಜಾಸ್ತಿ ಆಗುತ್ತದೆ. ಬೆಳೆದ ಗರ್ಭಕೋಶ ಹೊಟ್ಟೆಯ ಹಿಂಭಾಗದ ಮಹಾ ಅಭಿಧಮನಿಯನ್ನೂ ಸೊಂಟದ ನಾಳಗಳನ್ನೂ ಒತ್ತುತ್ತದೆ, ಕಾಲಿನ ರಕ್ತಕ್ಕೆ ಮೇಲೇರುವ ದಾರಿ ಇಕ್ಕಟ್ಟಾಗುತ್ತದೆ. ಎಡಮಗ್ಗುಲಿಗೆ ಮಲಗು ಅಂತ ಹೇಳುವುದು ಇದಕ್ಕೇ. ಆ ಮಹಾ ನಾಳ ಬೆನ್ನೆಲುಬಿನ ಬಲಕ್ಕೆ ಇದೆ, ಎಡಕ್ಕೆ ತಿರುಗಿದರೆ ಭಾರ ಇಳಿಯುತ್ತದೆ.

ನನಗೆ ಇಷ್ಟವಾದ ಅಂಶ ಒಂದಿದೆ. ಬಹಳ ಜನರಲ್ಲಿ ಈ ನಾಳಗಳು ಮೊದಲ ಮೂರು ತಿಂಗಳಲ್ಲೇ ಕಾಣಿಸಿಕೊಳ್ಳುತ್ತವೆ. ಆಗ ಗರ್ಭಕೋಶ ಇನ್ನೂ ಸೊಂಟದ ಮೂಳೆಗಳ ಒಳಗೇ ಇರುತ್ತದೆ, ಒತ್ತುವಷ್ಟು ದೊಡ್ಡದಾಗಿರುವುದಿಲ್ಲ. ಅಂದರೆ ಶುರು ಮಾಡಿದ್ದು ಹೊಟ್ಟೆಯ ಭಾರ ಅಲ್ಲ, ಹಾರ್ಮೋನು. "ಹೊಟ್ಟೆ ಭಾರಕ್ಕೆ ನರ ಎದ್ದಿದೆ" ಅಂತ ಮನೆಯಲ್ಲಿ ಹೇಳುವುದು ಅರ್ಧ ಮಾತ್ರ ನಿಜ.

ಹೆರಿಗೆ ಆಗಿ ಕೆಲವು ತಿಂಗಳಲ್ಲಿ ಬಹಳಷ್ಟು ತಾವಾಗಿಯೇ ಕುಗ್ಗುತ್ತವೆ. ಅದಕ್ಕೇ ಬಸಿರಿನಲ್ಲಾಗಲಿ ಬಾಣಂತನದಲ್ಲಾಗಲಿ ಚಿಕಿತ್ಸೆಗೆ ಆತುರ ಮಾಡುವುದಿಲ್ಲ, ಕಾಯುತ್ತಾರೆ. ಆದರೆ ಪೂರ್ತಿ ಮೊದಲಿನ ಹಾಗೆ ಆಗದೆ ಸ್ವಲ್ಪ ಉಳಿಯುವುದುಂಟು. ಮುಂದಿನ ಬಸಿರು ಅಲ್ಲಿಂದ ಶುರು. ಮೂರು ನಾಲ್ಕು ಹೆತ್ತ ನಮ್ಮ ಅಜ್ಜಿಯರ ಕಾಲು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಅಮ್ಮನ ಕಾಲು, ಮಗಳ ಕಾಲು

1994ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಅಧ್ಯಯನ ಎಲ್ಲ ಕಡೆ ಉಲ್ಲೇಖ ಆಗುತ್ತದೆ. ವೆರಿಕೋಸ್ ಇದ್ದ 67 ಜನ, ಇಲ್ಲದ 67 ಜನ, ಜೊತೆಗೆ ಅವರೆಲ್ಲರ ಅಪ್ಪ–ಅಮ್ಮಂದಿರನ್ನೂ ಸೇರಿಸಿ 402 ಜನರನ್ನು ನೋಡಿದರು. ಅಪ್ಪ–ಅಮ್ಮ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ 90. ಇಬ್ಬರಿಗೂ ಇಲ್ಲದಿದ್ದರೆ 20. ಒಬ್ಬರಿಗೆ ಮಾತ್ರ ಇದ್ದರೆ? ಮಗನಿಗೆ 25, ಮಗಳಿಗೆ 62.

ಈ ಕೊನೆಯ ಜೋಡಿ ಅಂಕಿಯನ್ನು ನಾನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ. ಒಂದೇ ಮನೆ, ಹುಟ್ಟಿನಿಂದ ಬಂದ ಬಳುವಳಿ ಒಂದೇ. ಆದರೂ ಮಗಳಲ್ಲಿ ಅದು ಹೊರಗೆ ಬರುವುದು ಎರಡು ಪಟ್ಟಿಗಿಂತ ಹೆಚ್ಚು. ಸಡಿಲ ಗೋಡೆ ಇಬ್ಬರಿಗೂ ಬಂದಿರಬಹುದು, ಅದನ್ನು ಎಳೆದು ಹಿಗ್ಗಿಸುವ ಹಾರ್ಮೋನು ಮಗಳಲ್ಲಿ ಜಾಸ್ತಿ, ಅಂತ ನಾನು ಅರ್ಥ ಮಾಡಿಕೊಂಡೆ. ಅಧ್ಯಯನ ಚಿಕ್ಕದು, ವೆರಿಕೋಸ್ ಕುರಿತದ್ದು, ಸ್ಪೈಡರ್ ಕುರಿತದ್ದಲ್ಲ ಅನ್ನುವುದೂ ನೆನಪಿರಲಿ.

ಎಣಿಸಿದವರು ಯಾರನ್ನು ಎಣಿಸಿದರು?

ಈಗ ನಮ್ಮ ಗುಂಪಿನಲ್ಲಿ ಜಗಳಕ್ಕೆ ಕಾರಣ ಆದ ಭಾಗ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ 1988ರ ವರದಿ ನೋಡಿ. ಎರಡು ವರ್ಷದ ಅವಧಿಗೆ ಹೊಸದಾಗಿ ವೆರಿಕೋಸ್ ಬಂದವರು ಸಾವಿರ ಹೆಂಗಸರಲ್ಲಿ ಸುಮಾರು 52, ಸಾವಿರ ಗಂಡಸರಲ್ಲಿ ಸುಮಾರು 39. ಸರಿ, ಹೆಂಗಸರೇ ಜಾಸ್ತಿ ಅಂತ ಬರೆದುಕೊಂಡೆವು.

ಆಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೋ ಅಧ್ಯಯನ ಸಿಕ್ಕಿತು, 1999ರದ್ದು. ಅವರೂ ಆಸ್ಪತ್ರೆಗೆ ಬಂದವರನ್ನು ಎಣಿಸಲಿಲ್ಲ. ಊರಿನ ಸಾಮಾನ್ಯ ಜನರಲ್ಲಿ 18ರಿಂದ 64 ವರ್ಷದ 1,566 ಮಂದಿಯನ್ನು ಆರಿಸಿ, ಕರೆಸಿ, ಕಾಲು ನೋಡಿದರು. ದೊಡ್ಡ ನಾಳದ ವೆರಿಕೋಸ್ ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ 32! ತಲೆಕೆಳಗು.

ಇದರ ಅರ್ಥ ಏನು? ಒಂದು, ಆಸ್ಪತ್ರೆಯ ಸಾಲಿನಲ್ಲಿ ಹೆಂಗಸರು ಜಾಸ್ತಿ ಕಂಡರೆ ರೋಗ ಅವರಿಗೇ ಜಾಸ್ತಿ ಅಂತ ಆಗುವುದಿಲ್ಲ. ಗಂಡಸರು ತೋರಿಸಿಕೊಳ್ಳಲು ಬರುವುದಿಲ್ಲ ಅಷ್ಟೇ. ಉಬ್ಬಿದ ನಾಳ ಇಟ್ಟುಕೊಂಡು ಲುಂಗಿ ಎತ್ತಿ ಕಟ್ಟಿ ಹೊಲಕ್ಕೆ ಹೋಗುವವರನ್ನು ನಾವೇ ನೋಡಿಲ್ಲವಾ? ಎರಡು, ವೆರಿಕೋಸ್ ಮತ್ತು ಸ್ಪೈಡರ್ ಅನ್ನು ಒಂದೇ ಮೂಟೆಗೆ ಕಟ್ಟಬಾರದು. ದೊಡ್ಡ ನಾಳದಲ್ಲಿ ಗಂಡಸರೇನೂ ಹಿಂದೆ ಬಿದ್ದಿಲ್ಲ. ಆದರೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಕಾಲು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸಣ್ಣ ಸ್ಪೈಡರ್ ನಾಳಗಳು ಹೆಂಗಸರಲ್ಲೇ ಜಾಸ್ತಿ ಇದ್ದವು. ಹಾಗಾಗಿ "ಹೆಂಗಸರಿಗೆ ಜಾಸ್ತಿ" ಅನ್ನುವ ಮಾತು ಸಣ್ಣ ನಾಳಕ್ಕೆ ಧೈರ್ಯವಾಗಿ ಹೇಳಬಹುದು. ದೊಡ್ಡದಕ್ಕೆ ಸ್ವಲ್ಪ ತಡೆದು ಹೇಳಬೇಕು. ಎಡಿನ್‌ಬರೋದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನರಲ್ಲಿ ಸಣ್ಣ ನಾಳಗಳು ಸ್ವಲ್ಪವಾದರೂ ಇದ್ದವು, ಗಂಡಸರೂ ಸೇರಿ. ಅಂದರೆ ಇದು ಅಪರೂಪದ ಕಾಯಿಲೆ ಅಲ್ಲವೇ ಅಲ್ಲ.

ಕಾಣುವುದು, ಕಾಣದಿರುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಗಂಡಸರ ಚರ್ಮ ದಪ್ಪ, ಕಾಲಲ್ಲಿ ಕೂದಲು. ಸಣ್ಣ ಕೆಂಪು ಗೆರೆ ಅಡಗಿಕೊಳ್ಳುತ್ತದೆ. ಮೈಬಣ್ಣವೂ ಅಷ್ಟೇ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು, ಅದರ ಮೇಲೆ ಕೆಂಪು ಎದ್ದು ಕಾಣುತ್ತದೆ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಕಾಲಲ್ಲಿ ಅದು ಮಂಕು ನೇರಳೆಯಾಗಿ ಕಾಣುತ್ತದೆ, ಹಳೆಯ ಏಟಿನ ಗುರುತು ಅಂದುಕೊಂಡು ಬಿಟ್ಟುಬಿಡುತ್ತೇವೆ. ಮೇಲೆ ಸೀರೆ, ಚೂಡಿದಾರ್ ಬೇರೆ. ವಾರ್ಡಿಗೆ ಹೋದಾಗ ಚಿತ್ರದ ಕೆಂಪನ್ನು ಹುಡುಕಿದರೆ ಸಿಗುವುದಿಲ್ಲ. ಒಳ್ಳೆಯ ಬೆಳಕಲ್ಲಿ, ರೋಗಿಯನ್ನು ನಿಲ್ಲಿಸಿ, ತೊಡೆಯ ಹೊರಬದಿ, ಮಂಡಿಯ ಹಿಂದೆ, ಪಾದದ ಗಂಟಿನ ಒಳಬದಿ ನೋಡಬೇಕು.

ಕೆಲಸ ಮತ್ತು ಇತರ ಆಪಾದನೆಗಳು

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಚೆಕಿಂಗ್, ಇಸ್ತ್ರಿ ವಿಭಾಗದಲ್ಲಿ ದಿನವಿಡೀ ನಿಂತೇ ಇರಬೇಕು, ಹೊಲಿಗೆ ಮಷಿನ್ ಮುಂದೆ ಕೂತೇ ಇರಬೇಕು. ಎರಡರಲ್ಲೂ ಮೀನಖಂಡದ ಪಂಪ್ ಬಂದ್. ನರ್ಸ್, ಟೀಚರ್, ಸೇಲ್ಸ್ ಹುಡುಗಿಯರದೂ ಅದೇ ಪಾಡು. ಗೆಳತಿ ಕೇಳಿದ್ದು ಸರಿ, ಟ್ರಾಫಿಕ್ ಪೊಲೀಸ್, ಹೋಟೆಲ್ ಸಪ್ಲೈಯರ್ ಗಂಡಸರೂ ನಿಂತೇ ಇರುತ್ತಾರೆ, ಅವರಿಗೂ ಬರುತ್ತದೆ. ಕೆಲಸ ಒಂದರಿಂದಲೇ ಗಂಡು–ಹೆಣ್ಣಿನ ಅಂತರ ವಿವರಿಸಲು ಆಗುವುದಿಲ್ಲ. ಮೊದಲೇ ಸಡಿಲ ಆದ ಗೋಡೆಯ ಮೇಲೆ ಕೆಲಸದ ಒತ್ತಡ ಬಿದ್ದರೆ ಬೇಗ ಕಾಣುತ್ತದೆ. ವಯಸ್ಸು, ತೂಕ ಕೂಡ ಹೀಗೇ ಸೇರಿಕೊಳ್ಳುತ್ತವೆ.

ಕಾಲ ಮೇಲೆ ಕಾಲು ಹಾಕಿ ಕೂರುವುದರಿಂದ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. "ಹೆಣ್ಣುಮಕ್ಕಳು ಹಾಗೆ ಕೂರಬಾರದು" ಅನ್ನುವವರಿಗೆ ಇದು ಬೇಜಾರಿನ ಸುದ್ದಿ. ಹೈ ಹೀಲ್ಸ್ ಹಾಕಿದಾಗ ಪಾದದ ಗಂಟು ಪೂರ್ತಿ ಆಡುವುದಿಲ್ಲ, ಪಂಪ್ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಅದು ಸರಿ, ಆದರೆ ಅದರಿಂದಲೇ ಸ್ಪೈಡರ್ ಬರುತ್ತದೆ ಅಂತ ಬರೆಯುವಷ್ಟು ಪುರಾವೆ ಇಲ್ಲ.

ಯಾವಾಗ ಡಾಕ್ಟರ್, ಏನು ಚಿಕಿತ್ಸೆ

ಬರೀ ಗೆರೆಗಳಿದ್ದು ನೋವಿಲ್ಲದಿದ್ದರೆ ಅದು ನೋಟದ ವಿಷಯ ಅಷ್ಟೇ. ಆದರೆ ಪಾದದ ಗಂಟಿನ ಒಳಬದಿಯಲ್ಲಿ ಸಣ್ಣ ನಾಳಗಳು ಬೀಸಣಿಗೆಯ ಹಾಗೆ ಹರಡಿದ್ದರೆ ಬಿಡಬೇಡಿ. ಅದರ ಹೆಸರು ಕರೋನಾ ಫ್ಲೆಬೆಕ್ಟಾಟಿಕಾ, ದೊಡ್ಡ ನಾಳದ ತೊಂದರೆಯ ಮುನ್ಸೂಚನೆ. ಸೀಪ್ ವರ್ಗೀಕರಣದ 2020ರ ಪರಿಷ್ಕರಣೆಯಲ್ಲಿ ಇದನ್ನು ಸಿ1ರಿಂದ ಬೇರೆ ಮಾಡಿ ಸಿ4ಸಿ ಅಂತ ಇಟ್ಟಿದ್ದಾರೆ. ಸಂಜೆಯಾದರೆ ಊತ, ಚರ್ಮ ಕಂದು ಬಣ್ಣಕ್ಕೆ ತಿರುಗುವುದು, ತುರಿಕೆ ಇದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ ಒಳಗಿನ ಕವಾಟ ನೋಡುತ್ತಾರೆ. ಒಂದೇ ಕಾಲು ದಿಢೀರ್ ಊದಿ ನೋಯುತ್ತಿದ್ದರೆ ಕಾಯುವ ಮಾತೇ ಇಲ್ಲ, ಆಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ಸ್ಪೈಡರ್ ನಾಳಕ್ಕೆ ಮುಖ್ಯ ಚಿಕಿತ್ಸೆ ಸ್ಕ್ಲೀರೋಥೆರಪಿ. ಕೂದಲೆಳೆಯಂಥ ಸೂಜಿಯಿಂದ ನಾಳದೊಳಗೆ ಔಷಧಿ ಬಿಡುತ್ತಾರೆ, ಒಳಪದರ ಕೆರಳಿ ನಾಳ ಅಂಟಿಕೊಂಡು ಮುಚ್ಚುತ್ತದೆ, ಕೆಲವು ವಾರಗಳಲ್ಲಿ ಮಾಸುತ್ತದೆ. ಬಳಸುವ ಔಷಧಿಗಳಲ್ಲಿ ಒಂದು ಪಾಲಿಡೊಕನಾಲ್. ಮೊದಲು ಅದು ಬಂದದ್ದು ಮರಗಟ್ಟಿಸುವ ಔಷಧಿಯಾಗಿ, ಅದಕ್ಕೇ ಚುಚ್ಚುವಾಗ ನೋವು ಕಡಿಮೆ. ನಮ್ಮ ಮೈಬಣ್ಣದವರಲ್ಲಿ ಚುಚ್ಚಿದ ಜಾಗದಲ್ಲಿ ಕಂದು ಕಲೆ ಉಳಿಯುವುದು ಹೆಚ್ಚು, ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬಿಗಿ ಕಾಲುಚೀಲ ಹಾಕಿದರೆ ಭಾರ, ಊತ ಇಳಿಯುತ್ತದೆ, ಇರುವ ಗೆರೆ ಅಳಿಸುವುದಿಲ್ಲ.

ಇನ್ನೊಂದು ಅಡ್ಡ ಪರಿಣಾಮ ಇದೆ, ಹೆಸರು ಮ್ಯಾಟಿಂಗ್. ಮುಚ್ಚಿದ ನಾಳದ ಸುತ್ತ ಕೆಲವು ವಾರಗಳಲ್ಲಿ ಇನ್ನೂ ಸಣ್ಣ ಕೆಂಪು ನಾಳಗಳು ಚಾಪೆ ಹಾಸಿದ ಹಾಗೆ ಹೊಸದಾಗಿ ಹುಟ್ಟುತ್ತವೆ. ಹೆಚ್ಚಿನವು ಒಂದು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಯಾರಿಗೆ ಇದು ಜಾಸ್ತಿ ಅಂತ ಪಟ್ಟಿ ನೋಡಿದೆ: ತೂಕ ಹೆಚ್ಚಿದ್ದವರು, ಮನೆತನದಲ್ಲಿ ಈ ತೊಂದರೆ ಇದ್ದವರು, ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳುವವರು. ಚಿಕಿತ್ಸೆಗೆ ಹೋದರೂ ಆ ಹಾರ್ಮೋನು ಹಿಂದೆಯೇ ಬಂದು ನಿಂತಿದೆ ನೋಡಿ.